ಚಾಳ್ ನಂಬರ್ 4, ಖೋಲಿ ನಂಬರ್ 1636

ಕುರ್ಲಾ ಪಶ್ಚಿಮದ ಒಂದು ಹಳೆಯ ಕಟ್ಟಡದ ನೆಲಮಹಡಿಯಲ್ಲಿ ನಮ್ಮೂರಿನವರೇ ಸೇರಿ ಕಟ್ಟಿದ ಸಣ್ಣ ಕ್ರೆಡಿಟ್ ಸೊಸೈಟಿಯೊಂದಿದೆ. ಹೋಟೆಲ್ ಕಾರ್ಮಿಕರು, ಭಾಜಿ ಮಾರುವವರು, ರಿಕ್ಷಾ ಓಡಿಸುವವರು ದಿನಕ್ಕೆ ಐವತ್ತೋ ನೂರೋ ಕಟ್ಟುತ್ತಾರೆ. ಉಡುಪಿಯಲ್ಲಿ 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಶುರು ಮಾಡಿದ ಪಿಗ್ಮಿ ಠೇವಣಿಯ ಮುಂಬಯಿ ಮೊಮ್ಮಗು ಅನ್ನಿ. ಮಾರ್ಚ್ ಕೊನೆಗೆ ಬಡ್ಡಿ ಜಮೆಯಾಗುತ್ತದೆ. ಏಪ್ರಿಲ್ ಬಂತೆಂದರೆ ಆ ಹಣ ಹಿಡಿದು ಜನ ಊರಿಗೆ ರೈಲು ಹತ್ತುತ್ತಾರೆ. ಅದರಲ್ಲೇ ಮದುವೆ, ಮನೆಯ ಹೆಂಚು, ಮಕ್ಕಳ ಶಾಲೆಯ ಫೀಸು.

ಹೋದ ವರ್ಷ ಮಾರ್ಚ್ 25ರ ಸಂಜೆ ಅಲ್ಲಿಂದ ಫೋನ್ ಬಂತು. 'ಅಣ್ಣಾ, ಬಡ್ಡಿ ಹಾಕಲು ಹೋದರೆ ಕಂಪ್ಯೂಟರ್ ನಿಂತುಬಿಡುತ್ತದೆ. ಒಮ್ಮೆ ಬಂದು ನೋಡಿ ಹೋಗಿ.' ಮ್ಯಾನೇಜರ್ ದನಿಯಲ್ಲಿ ಗಾಬರಿ ಇತ್ತು. ಆ ಪ್ರೋಗ್ರಾಂ ಬರೆದದ್ದು 1994ರಲ್ಲಿ, ನನ್ನ ಹಿರಿಯ ಸಹೋದ್ಯೋಗಿಯೊಬ್ಬರು. ವಾರವಿಡೀ ಅಂಧೇರಿಯ ಸೀಪ್ಜ್‌ನಲ್ಲಿ ಕೆಲಸ ಮಾಡಿ, ಭಾನುವಾರ ಇಲ್ಲಿ ಬಂದು ಪುಕ್ಕಟೆ ಬರೆದುಕೊಟ್ಟಿದ್ದರು. ಲ್ಯಾಮಿಂಗ್ಟನ್ ರೋಡಿನಿಂದ ಮೊದಲ ಕಂಪ್ಯೂಟರನ್ನು ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಹಿಡಿದು ತಂದವನು ನಾನು. ಅವರು ತೀರಿಹೋಗಿ ಏಳೆಂಟು ವರ್ಷವಾಗಿದೆ. ಹಾಗಾಗಿ ಕೆಟ್ಟರೆ ನನ್ನನ್ನೇ ಕರೆಯುತ್ತಾರೆ.

ಚೀಟಿಯ ಹಿಂದೆ ಬರೆದ ಅಂಕಿ

ವಿಂಡೋಸ್ 3.1 ಕಾಲದ ಆ ಪ್ರೋಗ್ರಾಂ ಈಗ ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಯಂತ್ರದಲ್ಲಿ ಓಡುತ್ತಿತ್ತು. ನಾನು ಹೋದವನೇ ಹಾರ್ಡ್‌ಡಿಸ್ಕ್ ಮೇಲೆ ಅನುಮಾನಪಟ್ಟೆ. ಎಲ್ಲವನ್ನೂ ಬೇರೆ ಯಂತ್ರಕ್ಕೆ ನಕಲು ಮಾಡಿದೆ. ಅಲ್ಲೂ ನಿಂತಿತು. ಮೆಮೊರಿ ಬದಲಿಸಿದೆ. ಆಗಲೂ ನಿಂತಿತು. ಎರಡು ದಿನ ಹೀಗೇ ಕಳೆಯಿತು. ಪಕ್ಕದ ಅಂಗಡಿಯ ರಿಪೇರಿ ಹುಡುಗ, 'ಫಾರ್ಮ್ಯಾಟ್ ಹೊಡೀರಿ ಸಾರ್, ಸರಿ ಹೋಗುತ್ತೆ' ಎಂದು ಸಲಹೆ ಕೊಟ್ಟ. ಮ್ಯಾನೇಜರ್ ಮುಖ ಬಿಳುಚಿತು.

ಕೌಂಟರಿನಲ್ಲಿ ಕೂರುವ ಮರಾಠಿ ಹುಡುಗಿ ಅಷ್ಟೂ ಹೊತ್ತು ಸುಮ್ಮನಿದ್ದಳು. ಕೊನೆಗೆ ಒಂದು ಹಳೆಯ ರಸೀದಿ ಚೀಟಿ ನನ್ನ ಮುಂದಿಟ್ಟಳು. ಹಿಂಬದಿಯಲ್ಲಿ ಆರು ಸಾಲು. ಪ್ರತಿ ಸಾಲಿನಲ್ಲೂ ಗಂಟೆ, ನಿಮಿಷ ಮತ್ತು ಒಂದೇ ಅಂಕಿ: 0004:1636. ಪ್ರೋಗ್ರಾಂ ನಿಂತಾಗಲೆಲ್ಲ ಪರದೆಯ ಮೇಲೆ 'ಜನರಲ್ ಪ್ರೊಟೆಕ್ಷನ್ ಫಾಲ್ಟ್' ಎಂಬ ಪೆಟ್ಟಿಗೆ ಬರುತ್ತದಲ್ಲ, ಅದರ ಕೊನೆಯಲ್ಲಿರುವ ಅಂಕಿ ಅದು. 'ಸರ್, ಪ್ರತಿ ಸಲವೂ ಇದೇ ಬರುತ್ತದೆ. ಇದಕ್ಕೇನಾದರೂ ಅರ್ಥ ಇದೆಯಾ?' ಎಂದು ಕೇಳಿದಳು.

ನನಗೆ ನಾಚಿಕೆಯಾಯಿತು. ಇಪ್ಪತ್ತೈದರ ವಯಸ್ಸಿನಲ್ಲಿ ನನಗೆ ಈ ಅಂಕಿಗಳೇ ಅನ್ನ ಕೊಟ್ಟಿದ್ದವು. ಡಿಸ್ಕ್ ಕೆಟ್ಟಿದ್ದರೆ ಅಂಕಿ ಒಂದೊಂದು ಸಲ ಒಂದೊಂದು ಬರಬಹುದಿತ್ತು. ಎರಡು ಬೇರೆ ಯಂತ್ರಗಳಲ್ಲೂ ಅದೇ ಬಂತೆಂದರೆ ತಪ್ಪು ಇರುವುದು ಪ್ರೋಗ್ರಾಮಿನೊಳಗೆ, ಒಂದು ಖಚಿತ ಜಾಗದಲ್ಲಿ. ಪೆಟ್ಟಿಗೆ ನನಗೆ ವಿಳಾಸವನ್ನೇ ಕೊಟ್ಟಿತ್ತು. ನಾನು ಓದಿರಲಿಲ್ಲ, ಅಷ್ಟೇ.

ಚಾಳ್ ಲೆಕ್ಕದಲ್ಲಿ ಮೆಮೊರಿ

ಆ ವಿಳಾಸ ಓದುವುದು ಹೇಗೆ ಎಂದು ಹುಡುಗಿಗೆ ಅರ್ಥ ಮಾಡಿಸಿದ ರೀತಿಯಲ್ಲೇ ಇಲ್ಲೂ ಹೇಳುತ್ತೇನೆ. ಇಂಟೆಲ್ ಕಂಪನಿ 1978ರಲ್ಲಿ ತಂದ 8086 ಪ್ರೊಸೆಸರ್ 16 ಬಿಟ್‌ಗಳದ್ದು. ಹದಿನಾರು ಬಿಟ್‌ಗಳಲ್ಲಿ ಎಣಿಸಬಹುದಾದದ್ದು 65,536ರವರೆಗೆ ಮಾತ್ರ, ಅಂದರೆ 64 ಕಿಲೋಬೈಟ್. ಆದರೆ ಒಂದು ಮೆಗಾಬೈಟ್ ಮೆಮೊರಿಯನ್ನು ಮುಟ್ಟಬೇಕಿತ್ತು. ಅದಕ್ಕೆ ಮೆಮೊರಿಯನ್ನು ತುಂಡುಗಳಾಗಿ ನೋಡುವ ಉಪಾಯ ಮಾಡಿದರು. ತುಂಡಿಗೆ ಸೆಗ್ಮೆಂಟ್ ಎಂದು ಹೆಸರು. ಯಾವ ತುಂಡು ಎಂಬುದು ಒಂದು ಅಂಕಿ, ಆ ತುಂಡಿನೊಳಗೆ ಎಷ್ಟನೆಯ ಜಾಗ ಎಂಬುದು ಇನ್ನೊಂದು. ನಮ್ಮ ಮುಂಬಯಿ ವಿಳಾಸದ ಹಾಗೆ: ಚಾಳ್ ನಂಬರ್ 4, ಖೋಲಿ ನಂಬರ್ 1636. ಸೂಚನೆಗಳು, ಅಂದರೆ ಪ್ರೋಗ್ರಾಮಿನ ಆದೇಶಗಳು ಇರುವ ಚಾಳಿಗೆ ಕೋಡ್ ಸೆಗ್ಮೆಂಟ್, ಲೆಕ್ಕದ ಅಂಕಿಗಳಿರುವ ಚಾಳಿಗೆ ಡೇಟಾ ಸೆಗ್ಮೆಂಟ್.

1982ರಲ್ಲಿ ಬಂದ 80286 ಪ್ರೊಸೆಸರ್ ಈ ಚಾಳಿಗೆ ಕಾಂಪೌಂಡ್ ಗೋಡೆ ಕಟ್ಟಿತು. ಪ್ರತಿ ಸೆಗ್ಮೆಂಟ್ ಎಲ್ಲಿ ಶುರು, ಎಷ್ಟು ಉದ್ದ, ಒಳಗೆ ಬರೆಯಬಹುದೋ ಇಲ್ಲವೋ ಎಂದು ಒಂದು ಪಟ್ಟಿಯಲ್ಲಿ ಬರೆದಿಟ್ಟಿರುತ್ತದೆ. ಗೋಡೆ ದಾಟಿ ಕೈಹಾಕಿದರೆ ಪ್ರೊಸೆಸರ್ ಆ ಕ್ಷಣವೇ ತಡೆಯುತ್ತದೆ. ಪರದೆಯ ಮೇಲಿನ ಆ ಪೆಟ್ಟಿಗೆ ಬರುವುದು ಹೀಗೆ ತಡೆದಾಗ.

ವಿಂಡೋಸ್ 3ರ ದಿನಗಳಲ್ಲಿ ಮೆಮೊರಿ ತೀರಾ ಕಡಿಮೆ. ಎರಡು ಮೆಗಾಬೈಟ್, ನಾಲ್ಕು ಮೆಗಾಬೈಟ್ ಇದ್ದರೆ ದೊಡ್ಡದು. ಹಾಗಾಗಿ ವಿಂಡೋಸ್ ಕೋಡ್ ಸೆಗ್ಮೆಂಟ್‌ಗಳನ್ನು ಮೆಮೊರಿಯಲ್ಲಿ ಅತ್ತಿತ್ತ ಸರಿಸುತ್ತಿತ್ತು. ಜಾಗ ಸಾಲದಿದ್ದರೆ ಹೊರಗೇ ಹಾಕಿ, ಬೇಕಾದಾಗ ಡಿಸ್ಕಿನಿಂದ ಮತ್ತೆ ಓದಿಕೊಳ್ಳುತ್ತಿತ್ತು. ಆದೇಶಗಳು ಬದಲಾಗುವುದಿಲ್ಲವಲ್ಲ, ಹೊರಗೆ ಹಾಕಿದರೂ ನಷ್ಟವಿಲ್ಲ. ಹಳೆಯ ಚಾಳ್ ಒಡೆಯುವಾಗ ಮ್ಹಾಡಾದವರು ಬಾಡಿಗೆದಾರರನ್ನು ಟ್ರಾನ್ಸಿಟ್ ಕ್ಯಾಂಪಿಗೆ ಕಳಿಸುತ್ತಾರೆ ನೋಡಿ, ಹಾಗೆ. ಇವತ್ತು ಯಾವ ಕ್ಯಾಂಪಿನಲ್ಲಿದ್ದಾರೋ ಗೊತ್ತಿಲ್ಲ, ಆದರೆ ಬಾಡಿಗೆ ರಸೀದಿಯ ಮೇಲಿನ ಚಾಳ್ ನಂಬರ್ ಮಾತ್ರ ಬದಲಾಗದು. ಪೆಟ್ಟಿಗೆ ತೋರಿಸುವ 0004 ಎಂಬುದು ಆ ರಸೀದಿಯ ನಂಬರ್, ಆ ಹೊತ್ತಿನ ಕ್ಯಾಂಪಿನ ನಂಬರ್ ಅಲ್ಲ.

ಇಷ್ಟೆಲ್ಲ ಓಡಾಟ ನಡೆಸಬೇಕಾದರೆ ವಿಂಡೋಸ್ ಬಳಿ ಒಂದು ರಿಜಿಸ್ಟರ್ ಇರಲೇಬೇಕು. ಅದು ಎಕ್ಸ್‌ಇ ಫೈಲಿನ ತಲೆಯಲ್ಲೇ ಇದೆ, ಒಂದೊಂದು ಸೆಗ್ಮೆಂಟ್‌ಗೆ ಎಂಟೆಂಟು ಬೈಟ್. ಅದನ್ನು ಕೇಳಿ ತಿಳಿಯಲು 'ಗೆಟ್‌ಕೋಡ್‌ಇನ್ಫೋ' ಎಂಬ ಒಂದು ಕರೆ ಇತ್ತು. ಒಂದು ಫಂಕ್ಷನ್‌ನ ವಿಳಾಸವನ್ನೋ, ಮಾಡ್ಯೂಲ್ ಮತ್ತು ಸೆಗ್ಮೆಂಟ್ ನಂಬರನ್ನೋ ಕೊಟ್ಟರೆ ಸಾಕು. ಈ ಸೆಗ್ಮೆಂಟ್ ಫೈಲಿನಲ್ಲಿ ಎಲ್ಲಿ ಶುರುವಾಗುತ್ತದೆ, ಉದ್ದವೆಷ್ಟು, ಇದು ಕೋಡೋ ಡೇಟಾವೋ, ಮೆಮೊರಿಯಲ್ಲಿ ಎಷ್ಟು ಜಾಗ ಹಿಡಿಯುತ್ತದೆ ಎಂದು ಹೇಳುತ್ತಿತ್ತು. ಉದ್ದದ ಜಾಗದಲ್ಲಿ ಸೊನ್ನೆ ಕಂಡರೆ ಖಾಲಿ ಎಂದಲ್ಲ, ಪೂರ್ತಿ 65,536 ಬೈಟ್ ಎಂದರ್ಥ. ಆ ಸಂಖ್ಯೆಯನ್ನು 16 ಬಿಟ್‌ನಲ್ಲಿ ಬರೆಯಲಾಗುವುದಿಲ್ಲ, ಅದಕ್ಕೇ ಸೊನ್ನೆ. ಹೊಸಬರು ಇಲ್ಲಿ ಎಡವುವುದು ಮಾಮೂಲು. ನಾನೂ ಎಡವಿ ಬೈಸಿಕೊಂಡಿದ್ದೇನೆ.

ಲೆಕ್ಕ ಹಾಕಿದ್ದು ಹೀಗೆ

ಮಾರ್ಚ್ 27ರ ರಾತ್ರಿ ಮನೆಯಲ್ಲಿ ಕೂತು ಎಕ್ಸ್‌ಇ ಫೈಲಿನ ಆ ಪಟ್ಟಿಯನ್ನು ಕೈಯಾರೆ ಓದಿದೆ. ನಾಲ್ಕನೆಯ ಸೆಗ್ಮೆಂಟ್ ಕೋಡ್ ಎಂದು ಖಾತ್ರಿಯಾಯಿತು. ಅದು ಶುರುವಾಗುವುದು 83ನೆಯ ಸೆಕ್ಟರಿನಲ್ಲಿ. ಸೆಕ್ಟರಿಗೆ 512 ಬೈಟ್, ಅಂದರೆ ಫೈಲಿನ 42,496ನೆಯ ಬೈಟಿನಲ್ಲಿ. 1636 ಎಂಬುದು ಹದಿನಾರರ ಎಣಿಕೆ. ನಮ್ಮ ಹತ್ತರ ಎಣಿಕೆಯಲ್ಲಿ 5,686. ಎರಡನ್ನೂ ಕೂಡಿದರೆ 48,182. ಪ್ರೋಗ್ರಾಂ ನಿಲ್ಲುತ್ತಿದ್ದ ಜಾಗ ಅದೇ. ನೋಡಿದರೆ ಒಂದು ಮೆಮೊರಿ ಜಾಗಕ್ಕೆ ಅಂಕಿ ಬರೆಯುವ ಆದೇಶ. ಯಾವ ಜಾಗ? ಯಾಕೆ ಬರೆಯುತ್ತಿದೆ? ಅದು ಬೈಟ್‌ಗಳಿಂದ ತಿಳಿಯದು. ಮನೆ ಸಿಕ್ಕಿತು, ಬಾಗಿಲ ಮೇಲೆ ಹೆಸರಿಲ್ಲ.

ಹೆಸರು ಇರಬೇಕಾದದ್ದು ಸೋರ್ಸ್ ಕೋಡ್‌ನಲ್ಲಿ. ಅದು ಸೊಸೈಟಿಯ ಕಪಾಟಿನ ಕೆಳಗಿನ ಅರೆಯಲ್ಲಿ, ಫ್ಲಾಪಿಗಳಲ್ಲಿ ಇತ್ತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು, ಮೀಠಿ ನದಿ ಕುರ್ಲಾದೊಳಗೆ ನುಗ್ಗಿತಲ್ಲ, ಆ ಫ್ಲಾಪಿಗಳು ಅವತ್ತೇ ಹೋದವು. ಕಂಪ್ಯೂಟರನ್ನು ಹುಡುಗರು ಹೆಗಲ ಮೇಲೆ ಹೊತ್ತು ಮಹಡಿಗೆ ಸಾಗಿಸಿದ್ದರಿಂದ ಪ್ರೋಗ್ರಾಂ ಮತ್ತು ಖಾತೆಗಳು ಉಳಿದವು. ಓಡುವ ಪ್ರೋಗ್ರಾಂ ಇದೆಯಲ್ಲ, ಸೋರ್ಸ್ ಯಾಕೆ ಎಂದು ಆಗ ಯಾರೂ ಚಿಂತಿಸಲಿಲ್ಲ. ನಾನೂ ಚಿಂತಿಸಲಿಲ್ಲ.

ಡೊಂಬಿವಲಿಯ ಟ್ರಂಕು

ಮರುದಿನ ಡೊಂಬಿವಲಿಗೆ ಹೋದೆ, ಆ ಹಿರಿಯರ ಮನೆಗೆ. ಅತ್ತಿಗೆ ಚಾ ಕೊಟ್ಟು ಕೂರಿಸಿ, 'ಇಷ್ಟು ವರ್ಷ ಆದ ಮೇಲೆ ನೆನಪಾಯ್ತಾ ಮಾರಾಯ?' ಎಂದರು. ವಿಷಯ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ಮಗನಿಂದ ಅಟ್ಟದ ಮೇಲಿನ ಟ್ರಂಕು ಇಳಿಸಿದರು. 'ಇದನ್ನು ರದ್ದಿಯವನಿಗೆ ಕೊಡಬೇಡ ಅಂತ ಹೇಳಿದ್ದರು. ಯಾಕೆ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.'

ಎರಡೂ ಅಂಚಿನಲ್ಲಿ ತೂತುಗಳಿರುವ ಉದ್ದನೆಯ ಕಾಗದ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಮಾಸಿದ ಅಕ್ಷರ. ಸೋರ್ಸ್ ಕೋಡ್ ಅಲ್ಲ, ಅದರ ಮ್ಯಾಪ್ ಫೈಲ್. ಪ್ರೋಗ್ರಾಂ ಜೋಡಿಸುವಾಗ ಲಿಂಕರ್ ಕೊಡುವ ಪಟ್ಟಿ ಅದು: ಯಾವ ಫಂಕ್ಷನ್ ಯಾವ ಸೆಗ್ಮೆಂಟಿನಲ್ಲಿ ಎಷ್ಟನೆಯ ಜಾಗದಿಂದ ಶುರು ಎಂದು. ಚಾಳಿನ ಬಾಗಿಲುಗಳ ಮೇಲಿನ ಹೆಸರುಗಳೆಲ್ಲ ಒಂದೇ ಕಡೆ. ಅವರು ಹೆಸರುಗಳನ್ನೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದಲ್ಲೇ ಇಟ್ಟಿದ್ದರು. ಕಾಗದ ಬಿಡಿಸುತ್ತ ಹೋದೆ. ನಾಲ್ಕನೆಯ ಸೆಗ್ಮೆಂಟ್, 1580ರಲ್ಲಿ 'ಖಾತೆ_ತುಂಬು'. ಅದರ ಮುಂದಿನದು 1690ರಲ್ಲಿ 'ಬಡ್ಡಿ_ಹಾಕು'. ನನ್ನ 1636 ಇವೆರಡರ ನಡುವೆ ಬೀಳುತ್ತದೆ. ಅಂದರೆ ಖಾತೆಗಳನ್ನು ಫೈಲಿನಿಂದ ಓದಿ ಮೆಮೊರಿಗೆ ತುಂಬುವಾಗಲೇ ಗೋಡೆಗೆ ತಲೆ ಬಡಿಯುತ್ತಿದೆ, ಬಡ್ಡಿ ಲೆಕ್ಕ ಇನ್ನೂ ಶುರುವೇ ಆಗಿಲ್ಲ.

ಎರಡನೆಯ ಸೆಗ್ಮೆಂಟಿನಲ್ಲಿ 'ಜಾಗ_ಹಿಡಿ' ಎಂಬ ಫಂಕ್ಷನ್ ಇತ್ತು. ಮೆಮೊರಿ ಕೇಳಿ ಪಡೆಯುವ ಕೆಲಸದ್ದು. ಬೆಳಗಿನ ಫಾಸ್ಟ್ ಲೋಕಲಿನಲ್ಲಿ ನಮಗಾಗಿ ಕಿಟಕಿಯಿಂದ ಕರ್ಚೀಫು ಎಸೆಯುತ್ತಿದ್ದವರು ಇಡಬಹುದಾದ ಹೆಸರೇ. ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದರು: '2000 ದಾಟಿದರೆ ಬದಲಿಸಬೇಕು.'

ಎರಡು ಸಾವಿರದ ಒಂದನೆಯವಳು

ಅಲ್ಲಿಂದಲೇ ಮ್ಯಾನೇಜರಿಗೆ ಫೋನ್ ಮಾಡಿದೆ. 'ಈಗ ಎಷ್ಟನೆಯ ಖಾತೆ ನಡೆಯುತ್ತಿದೆ?' 'ಎರಡು ಸಾವಿರದ ಒಂದು ಅಣ್ಣಾ, ಜನವರಿಯಲ್ಲಿ ತೆಗೆದದ್ದು. ಸ್ಟೇಷನ್ ಹೊರಗೆ ಹೂ ಮಾರುವವಳು, ಕಲಬುರಗಿ ಕಡೆಯವಳು.'

ಎಲ್ಲ ಬಿಡಿಸಿಕೊಂಡಿತು. ಒಂದು ಖಾತೆಗೆ 30 ಬೈಟ್: ನಂಬರ್, ದಿನಾಂಕ, ಬಾಕಿ, ಬಡ್ಡಿ ಇತ್ಯಾದಿ. ಹೆಸರು ಬೇರೆ ಫೈಲಿನಲ್ಲಿ. 2000 ಖಾತೆಗೆ 60,000 ಬೈಟ್. ಒಂದು ಸೆಗ್ಮೆಂಟಿನ 64 ಕಿಲೋಬೈಟ್ ಒಳಗೆ ಚೆನ್ನಾಗಿ ಕೂರುತ್ತದೆ ಎಂದು ಅವರು ಅಷ್ಟೇ ಜಾಗ ಹಿಡಿದಿದ್ದರು. 1994ರಲ್ಲಿ ಸೊಸೈಟಿಯಲ್ಲಿ ಇನ್ನೂರು ಖಾತೆಯೂ ಇರಲಿಲ್ಲ. ಮುಚ್ಚಿದ ಖಾತೆಯ ನಂಬರನ್ನು ಮತ್ತೆ ಯಾರಿಗೂ ಕೊಡುವ ಪದ್ಧತಿ ಇಲ್ಲ, ಹಾಗಾಗಿ ಮೂವತ್ತು ವರ್ಷದಲ್ಲಿ ಎಣಿಕೆ ಅಲ್ಲಿಗೆ ಮುಟ್ಟಿತು. ದಿನದ ಜಮೆಯನ್ನು ಪ್ರೋಗ್ರಾಂ ಒಂದೊಂದೇ ಖಾತೆ ತೆರೆದು ಬರೆಯುತ್ತಿತ್ತು, ಅದಕ್ಕೆ ತೊಂದರೆ ಕಾಣಲಿಲ್ಲ. ವರ್ಷಕ್ಕೊಮ್ಮೆ ಬಡ್ಡಿಗೆಂದು ಎಲ್ಲವನ್ನೂ ಒಟ್ಟಿಗೆ ತುಂಬುವಾಗ ಹೂವಿನವಳ ಖಾತೆ ಗೋಡೆಯ ಆಚೆ ಬಿತ್ತು.

ಮೂರು ದಿನ ಎಲ್ಲರೂ ಬೈದ ಆ ಪೆಟ್ಟಿಗೆಯೇ ಸೊಸೈಟಿಯನ್ನು ಕಾಪಾಡಿತ್ತು. ಹಳೆಯ ಡಾಸ್ ಕಾಲದ ಯಂತ್ರವಾಗಿದ್ದರೆ ಗೋಡೆಯೇ ಇಲ್ಲ. 2001ನೆಯ ಖಾತೆ ಪಕ್ಕದಲ್ಲಿ ಏನಿದೆಯೋ ಅದರ ಮೇಲೆ ಸದ್ದಿಲ್ಲದೆ ಬರೆದುಕೊಳ್ಳುತ್ತಿತ್ತು. ಯಾರ ಬಾಕಿ ಯಾರಿಗೆ ಹೋಯಿತೆಂದು ಹುಡುಕಲು ವರ್ಷವೇ ಬೇಕಾಗುತ್ತಿತ್ತೇನೋ. ಇಲ್ಲಿ ಪ್ರೊಸೆಸರ್ ತಡೆದದ್ದರಿಂದ ಒಂದು ಖಾತೆಗೂ ಅರ್ಧಂಬರ್ಧ ಬಡ್ಡಿ ಬಿದ್ದಿರಲಿಲ್ಲ.

ಸೋರ್ಸ್ ಇಲ್ಲದೆ ತಿದ್ದುವುದು ಹೇಗೆ? 60,000 ಎಂಬುದು ಹದಿನಾರರ ಎಣಿಕೆಯಲ್ಲಿ ಇಎ60. ಇಂಟೆಲ್ ಪದ್ಧತಿಯಲ್ಲಿ ಬೈಟ್‌ಗಳು ಹಿಂದುಮುಂದು, ಹಾಗಾಗಿ ಫೈಲಿನಲ್ಲಿ '60 ಇಎ' ಎಂದು ಹುಡುಕಬೇಕು. ಹುಡುಕಿದರೆ ಮೂರು ಕಡೆ ಸಿಕ್ಕಿತು. ಮೂರನ್ನೂ ತಿದ್ದುವಂತಿಲ್ಲ, ಕಣ್ಣುಮುಚ್ಚಿ ಒಂದನ್ನು ಆರಿಸುವಂತೆಯೂ ಇಲ್ಲ. ಮತ್ತೆ ಸೆಗ್ಮೆಂಟ್ ಪಟ್ಟಿಯೇ ದಾರಿ ತೋರಿಸಿತು. ಒಂದು ಡೇಟಾ ಸೆಗ್ಮೆಂಟಿನಲ್ಲಿತ್ತು. ಇನ್ನೊಂದು ಎಲ್ಲ ಸೆಗ್ಮೆಂಟುಗಳ ಆಚೆ, ಒಂದು ಚಿತ್ರದ ಚುಕ್ಕೆಗಳ ನಡುವೆ. ಒಂದು ಮಾತ್ರ ಎರಡನೆಯ ಕೋಡ್ ಸೆಗ್ಮೆಂಟಿನಲ್ಲಿ, ಮ್ಯಾಪ್ ಹೇಳಿದ 'ಜಾಗ_ಹಿಡಿ'ಯ ಒಳಗೇ ಇತ್ತು. ಅದನ್ನು ಎಫ್‌ಎಫ್‌ಎಫ್0, ಅಂದರೆ 65,520 ಎಂದು ಬದಲಿಸಿದೆ. ಒಂದು ಸೆಗ್ಮೆಂಟಿನಲ್ಲಿ ಪೂರ್ತಿಯಾಗಿ ಹಿಡಿಸುವುದು 2184 ಖಾತೆ, ಅದಕ್ಕೆ ಬೇಕಾದಷ್ಟು. ಬದಲಾದದ್ದು ಎರಡೇ ಬೈಟ್.

ಅಸಲಿ ಫೈಲಿನ ಮೇಲೆ ಕೈಯಿಡಲಿಲ್ಲ. ನಕಲಿನ ಮೇಲೆ ಬಡ್ಡಿ ಓಡಿಸಿ, ನಾನು, ಮ್ಯಾನೇಜರ್, ಆ ಹುಡುಗಿ ಮೂವರೂ ಕೂತು ನೂರು ಖಾತೆಗಳನ್ನು ಕಾಗದದ ಲೆಡ್ಜರಿಗೆ ತಾಳೆ ನೋಡಿದೆವು. ಮೊದಲ ಹತ್ತು, ಕೊನೆಯ ಹತ್ತು ತಪ್ಪದೆ ನೋಡಿದೆವು, ಗೋಡೆಯ ಹತ್ತಿರದ ತಪ್ಪು ಅಲ್ಲೇ ಮೊದಲು ಕಾಣುವುದು. ಪೈಸೆಗೆ ಪೈಸೆ ಸರಿ ಬಂತು. ಮಾರ್ಚ್ 31ರ ಮಧ್ಯಾಹ್ನ ಅಸಲಿ ಲೆಕ್ಕಕ್ಕೆ ಬಡ್ಡಿ ಹಾಕಿದೆವು.

ಎರಡು ಬೈಟ್ ಕೊಟ್ಟ ಸಮಯ

ಅದು ದುರಸ್ತಿಯಲ್ಲ, ಬರೀ ಗಡುವು ಮುಂದೂಡಿದ್ದು. ಇನ್ನು 183 ಹೊಸ ಖಾತೆ ಮಾತ್ರ. ಅದನ್ನೂ ದಾಟಿದರೆ 16 ಬಿಟ್‌ನ ಎಣಿಕೆ ತಿರುಗಿ ಸೊನ್ನೆಗೆ ಬರುತ್ತದೆ. ಆಗ ಕೊನೆಯವರ ಹಣ ಮೊದಲ ಖಾತೆಯ ಮೇಲೆ ಬೀಳಬಹುದು, ಪೆಟ್ಟಿಗೆ ಬಂದು ಎಚ್ಚರಿಸುತ್ತದೆಂಬ ಖಾತ್ರಿಯೂ ಇಲ್ಲ. ಹಾಗಾಗಿ 2150ಕ್ಕೆ ಹೊಸ ಖಾತೆ ನಿಲ್ಲಿಸಬೇಕೆಂದು ಗೋಡೆಯ ಮೇಲೆ ಬರೆದು ಅಂಟಿಸಿದೆವು.

ಇನ್ನೊಂದು ಗಡುವೂ ಇತ್ತು. 64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್ ಪ್ರೋಗ್ರಾಂಗಳು ಓಡುವುದಿಲ್ಲ. 32 ಬಿಟ್ ರೂಪದಲ್ಲೂ ಸಿಗುತ್ತಿದ್ದ ಕೊನೆಯ ವಿಂಡೋಸ್ ಎಂದರೆ 10. ಅದರ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಸೊಸೈಟಿಯ ಹಳೆಯ ಯಂತ್ರ ಸತ್ತರೆ ಅದಕ್ಕೆ ವಾರಸುದಾರ ಸಿಗುವುದು ಕಷ್ಟ. ಆ 30 ಬೈಟ್‌ಗಳಲ್ಲಿ ಯಾವುದು ಏನು ಎಂದು ಒಂದೊಂದಾಗಿ ಗುರುತಿಸಿ, ಲೆಡ್ಜರಿನೊಂದಿಗೆ ತಾಳೆ ಹಾಕಿ, ದಸರೆಯ ಹೊತ್ತಿಗೆ ಎಲ್ಲ ಖಾತೆಗಳನ್ನೂ ಹೊಸ ವ್ಯವಸ್ಥೆಗೆ ಸಾಗಿಸಿದೆವು. ಆಗ ನಡೆಯುತ್ತಿದ್ದದ್ದು 2,063ನೆಯ ಖಾತೆ.

ಮುಂಬಯಿಯ ಸಣ್ಣ ಸೊಸೈಟಿಗಳಲ್ಲಿ, ಭಿವಂಡಿಯ ಗೋದಾಮುಗಳಲ್ಲಿ, ಊರಿನ ಸಹಕಾರ ಸಂಘಗಳಲ್ಲಿ ಇಂಥ ಹಳೆಯ ಪ್ರೋಗ್ರಾಂ ಇಟ್ಟುಕೊಂಡಿರುವವರು ಇದನ್ನು ಓದುತ್ತಿದ್ದರೆ ನನ್ನದೊಂದು ಕೋರಿಕೆ. ಓಡುವ ಫೈಲಿನ ಜೊತೆಗೆ ಸೋರ್ಸ್, ಮ್ಯಾಪ್, ಮಿತಿಗಳ ಒಂದು ಚೀಟಿ, ಈ ನಾಲ್ಕನ್ನೂ ಒಂದಕ್ಕಿಂತ ಹೆಚ್ಚು ಕಡೆ ಇಡಿ. ಒಂದು ಪ್ರತಿ ನೆಲಮಹಡಿಯಲ್ಲಿ ಬೇಡ. ತಪ್ಪಿನ ಪೆಟ್ಟಿಗೆ ಬಂದರೆ ಮುಚ್ಚುವ ಮೊದಲು ಅದರಲ್ಲಿರುವ ಅಂಕಿಯನ್ನು ಬರೆದುಕೊಳ್ಳಿ. ಇವತ್ತಿನ ಮೊಬೈಲ್ ಆಪ್ ಕೆಟ್ಟರೂ ಎಂಜಿನಿಯರುಗಳು ಮೊದಲು ಕೇಳುವುದು ಅದನ್ನೇ: ಯಾವ ಮಾಡ್ಯೂಲ್, ಎಷ್ಟನೆಯ ಜಾಗ. ಹೆಸರುಗಳ ಪಟ್ಟಿ ಇಟ್ಟುಕೊಳ್ಳದಿದ್ದರೆ ಅವರಿಗೂ ಬಾಗಿಲ ಮೇಲೆ ಹೆಸರು ಕಾಣದು.

ಅತ್ತಿಗೆಗೆ ಆ ಕಾಗದದ ಸುರುಳಿಯನ್ನು ವಾಪಸು ಕೊಡಲು ಹೋದಾಗ, 'ಈಗ ರದ್ದಿಗೆ ಹಾಕಬಹುದಾ?' ಎಂದು ಕೇಳಿದರು. ಬೇಡ ಎಂದೆ. ಸೊಸೈಟಿಯ ಹುಡುಗಿ ಅದರ ಜೆರಾಕ್ಸ್ ಮಾಡಿಸಿ ಫೈಲ್ ಹಾಕಿದ್ದಾಳೆ, ಮೇಲೆ ಮರಾಠಿಯಲ್ಲಿ ಚೀಟಿ ಅಂಟಿಸಿದ್ದಾಳೆ. ಪಕ್ಕದಲ್ಲೇ ಒಂದು ಹೊಸ ನೋಟ್‌ಬುಕ್ ಇದೆ. ಹೊಸ ವ್ಯವಸ್ಥೆ ಏನಾದರೂ ತಪ್ಪು ತೋರಿಸಿದರೆ ದಿನಾಂಕ, ಗಂಟೆ ಹಾಕಿ ಅದರಲ್ಲಿ ಬರೆಯುತ್ತಾಳೆ. ಹೋದ ವಾರ ನೋಡಿದಾಗ ಒಂದೂವರೆ ಪುಟ ತುಂಬಿತ್ತು.